ಜ್ವರ ಬಿಟ್ಟ ಬಾಯಿಗೆ ಸೌತೆಕಾಯಿ ಮಜ್ಜಿಗೆ ಹುಳಿ

ಅತ್ತೆಗೆ ಜ್ವರ ಬಿಟ್ಟಿತ್ತು. ಆದರೆ ಬಾಯಿಗೆ ರುಚಿ ಬಂದಿರಲಿಲ್ಲ. ಇಡ್ಲಿ ಸೇರದು, ಸಾರು ಖಾರ, ಗಂಜಿ ಸಾಕಾಗಿದೆ. ಬೆಂಗಳೂರಿನಲ್ಲಿ ಬೆಳಗಿನಿಂದ ಜಿಟಿಜಿಟಿ ಮಳೆ. ಏನು ಮಾಡಲಿ ಅಂತ ಕೇಳಿದೆ. "ಸೌತೆಕಾಯಿ ಮಜ್ಜಿಗೆ ಹುಳಿ ಆದೀತು. ಬೇರೆ ಎಂತದೂ ಬೇಡ" ಅಂದರು.

ನಾನು ಮೈಸೂರಿನವಳು. ನಮ್ಮಮ್ಮನ ಮಜ್ಜಿಗೆ ಹುಳಿಗೆ ನೆನೆಸಿದ ಕಡಲೆಬೇಳೆ, ಕಾಯಿತುರಿ, ಹಸಿಮೆಣಸಿನಕಾಯಿ, ಜೀರಿಗೆ, ಶುಂಠಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಎಲ್ಲ ರುಬ್ಬಿ ಹಾಕಬೇಕು. ಮಂದವಾಗಿ, ತಿಳಿಹಸಿರಾಗಿ ಇರುತ್ತದೆ. ಅದಕ್ಕೆ ಬೂದುಗುಂಬಳವೇ ಸರಿ. ಅತ್ತೆ ಉಡುಪಿ ಕಡೆಯವರು. ಅವರದ್ದು ಬೆಳ್ಳಗಿರುತ್ತದೆ. ತರಕಾರಿ ಬಿಟ್ಟರೆ ಕಾಯಿ, ಹಸಿಮೆಣಸು, ಹುಳಿ ಮಜ್ಜಿಗೆ, ಉಪ್ಪು, ಅಷ್ಟೇ. ಹಬ್ಬಕ್ಕೆ, ನೆಂಟರು ಬಂದಾಗ ನನಗೆ ಅಮ್ಮನದೇ ಇಷ್ಟ. ಆದರೆ ದಣಿದ ಬಾಯಿಗೆ ಉಡುಪಿಯದ್ದೇ ಹಿತ ಅಂತ ಈಗ ಅನಿಸುತ್ತದೆ.

ಮನೆಯಲ್ಲಿ ಮಂಗಳೂರು ಸೌತೆ ಇತ್ತು. ಅತ್ತೆಯ ಊರಿನಲ್ಲಾದರೆ ಇದನ್ನು ಬಾಳೆನಾರಿನಲ್ಲಿ ಕಟ್ಟಿ ಚಾವಣಿಗೆ ತೂಗುಹಾಕುತ್ತಾರೆ. ಮಳೆಗಾಲದಲ್ಲಿ ಬೇರೆ ತರಕಾರಿ ಸಿಗದಿದ್ದಾಗ ಅದೇ ಆಧಾರ. ಹೆಚ್ಚುವ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಲೇಬೇಕು, ಕೆಲವು ಕಾಯಿ ಕಹಿ ಇರುತ್ತವೆ. ನಮ್ಮದು ಕಹಿ ಇರಲಿಲ್ಲ. ತಿರುಳು ತೆಗೆದು, ಸಿಪ್ಪೆ ಉಳಿಸಿಕೊಂಡು ದಪ್ಪ ಹೋಳು ಮಾಡಿದೆ. ಉಪ್ಪು ಹಾಕಿ, ಹೋಳು ಮುಳುಗುವಷ್ಟೇ ನೀರಿನಲ್ಲಿ ಬೇಯಿಸಿದೆ. ಕುಕ್ಕರ್ ಬೇಡ, ಕರಗಿಹೋಗುತ್ತದೆ.

ಮಜ್ಜಿಗೆಗೆ ಹುಳಿ ಬಂದಿರಲೇಬೇಕು. ಪ್ಯಾಕೆಟ್ ಮೊಸರನ್ನು ಫ್ರಿಜ್‌ನಿಂದ ತೆಗೆದ ಹಾಗೇ ಹಾಕಿದರೆ ಸಪ್ಪೆ. ಹಿಂದಿನ ದಿನದ ಮೊಸರು ರಾತ್ರಿಯೆಲ್ಲ ಹೊರಗೇ ಇದ್ದದ್ದು ಒಳ್ಳೆಯದಾಯಿತು. ಅದನ್ನು ಗಂಟಿಲ್ಲದಂತೆ ಕಡೆದೆ.

ಅಷ್ಟರಲ್ಲಿ ಅತ್ತೆ ಶಾಲು ಹೊದ್ದು ಅಡುಗೆಮನೆ ಬಾಗಿಲಿಗೆ ಬಂದರು. ಕುರ್ಚಿ ಹಾಕಿಕೊಟ್ಟೆ. "ಹಸಿಮೆಣಸು ಎರಡೇ ಸಾಕು ಮಾರಾಯ್ತಿ. ಕಾಯಿ ನುಣ್ಣಗೆ ಆಗಬೇಕು" ಅಂದರು. ಒಂದು ಬಟ್ಟಲು ಕಾಯಿಯನ್ನು ಬೆಣ್ಣೆಯಂತೆ ರುಬ್ಬಿ, ಮಜ್ಜಿಗೆಯ ಜೊತೆ ಬೆಂದ ಹೋಳಿಗೆ ಸೇರಿಸಿದೆ.

ಇಲ್ಲಿಂದ ಮುಂದೆ ಒಲೆ ಬಿಟ್ಟು ಅಲುಗುವ ಹಾಗಿಲ್ಲ. ಉರಿ ಜೋರಾದರೆ ಮಜ್ಜಿಗೆ ಒಡೆದು ನೀರು ಬೇರೆ, ಗಷ್ಟು ಬೇರೆ ಆಗುತ್ತದೆ. ಅಮ್ಮನ ಪಾಕದಲ್ಲಿ ಕಡಲೆಬೇಳೆಯ ಪಿಷ್ಟ ಅದನ್ನು ಹಿಡಿದಿಡುತ್ತದೆ, ಹಾಗಾಗಿ ಸ್ವಲ್ಪ ಧೈರ್ಯ ಇರುತ್ತದೆ. ಇಲ್ಲಿ ಬೇಳೆಯೇ ಇಲ್ಲವಲ್ಲ. ಸಣ್ಣ ಉರಿ, ಸೌಟು ಆಡಿಸುತ್ತಲೇ ಇರಬೇಕು. ಫೋನ್ ಎರಡು ಸಲ ಹೊಡೆದುಕೊಂಡಿತು, ತೆಗೆಯಲಿಲ್ಲ. ಅಂಚಿನಲ್ಲಿ ನೊರೆ ಏಳತೊಡಗಿತು, ಕಾಯಿಯ ಹಸಿವಾಸನೆ ಹೋಗಿ ಹಿತವಾದ ಹುಳಿ ಘಮ ಬಂತು. "ಒಂದು ಕುದಿ ಬಂತಲ್ಲ, ಇಳಿಸು" ಅಂದರು ಅತ್ತೆ. ಅವರು ಪಾತ್ರೆ ನೋಡಿರಲಿಲ್ಲ, ಘಮದಲ್ಲೇ ಗೊತ್ತಾಗಿತ್ತು. ಆ ಕ್ಷಣ ನನಗೆ ಆದ ಸಮಾಧಾನ ಹೇಳತೀರದು. ಮೂಗು ಎಚ್ಚರಗೊಂಡರೆ ನಾಲಿಗೆ ದೂರ ಇಲ್ಲ, ಅಲ್ವಾ?

ತೆಂಗಿನೆಣ್ಣೆಯಲ್ಲಿ ಸಾಸಿವೆ, ಕೆಂಪು ಮೆಣಸು, ಕರಿಬೇವಿನೆಸಳಿನ ಒಗ್ಗರಣೆ ಕೊಟ್ಟೆ. ಜೊತೆಗೆ ಕುಚ್ಚಲಕ್ಕಿ ಅನ್ನ, ಹುರಿದ ಮಜ್ಜಿಗೆ ಮೆಣಸು. ಅತ್ತೆ ಮೊದಲು ಬರೀ ಹುಳಿಯನ್ನೇ ಅಂಗೈಗೆ ಹಾಕಿಸಿಕೊಂಡು ಕುಡಿದರು. ಆಮೇಲೆ ಅನ್ನ ಕಲಸಿದರು. ಹೋಳನ್ನು ಸಿಪ್ಪೆ ಸಮೇತ ಅಗಿದು ತಿಂದರು. ಇನ್ನೊಂದು ಸಲ ಬಡಿಸಿಕೊಂಡರು.

ಪಾತ್ರೆಯಲ್ಲಿ ಸ್ವಲ್ಪ ಉಳಿದಿತ್ತು. ರಾತ್ರಿಗೆ ಬಿಸಿ ಮಾಡಲಾ ಅಂತ ಕೇಳಿದೆ. "ಬೇಡ, ಹಾಗೇ ಇರಲಿ. ಅಷ್ಟೊತ್ತಿಗೆ ಹೋಳು ಹುಳಿ ಹೀರಿರುತ್ತದೆ, ರುಚಿ ಜಾಸ್ತಿ. ಗಂಜಿ ಮಾಡು, ಅದಕ್ಕೆ ಹಾಕಿಕೊಳ್ಳುತ್ತೇನೆ" ಅಂದರು. ಬೆಳಿಗ್ಗೆ ಸಾಕಾಗಿದೆ ಅಂದಿದ್ದ ಅದೇ ಗಂಜಿ.