‘ಇಲ್ಲ’ ಮತ್ತು ‘ನೋಡಿಲ್ಲ’

ನಾನು ಈ ವೈದ್ಯಕೀಯ ಕಾಲೇಜಿನ ಜನರಲ್ ಮೆಡಿಸಿನ್ ವಿಭಾಗದಲ್ಲಿ ಸ್ನಾತಕೋತ್ತರ ಓದಿಗೆ ಸೇರಿದ ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ, ಹುಲ್ಲು ಕೊಯ್ಯುವ ಕೂಲಿಗೆ ಹೋಗುತ್ತಿದ್ದ ಹೆಂಗಸೊಬ್ಬರು ಎಂಟು ದಿನಗಳ ಜ್ವರದಿಂದ ನಮ್ಮ ವಾರ್ಡಿಗೆ ದಾಖಲಾದರು. ಮಲೇರಿಯಾ ಸ್ಮಿಯರ್, ಡೆಂಗಿ ಪರೀಕ್ಷೆ, ರಕ್ತದ ಕಲ್ಚರ್ ಯಾವುದರಲ್ಲೂ ಕಾರಣ ಸಿಗಲಿಲ್ಲ. ಪ್ಲೇಟ್‌ಲೆಟ್ ಇಳಿದಿತ್ತು, ಯಕೃತ್ತಿನ ಕಿಣ್ವಗಳು ಏರಿದ್ದವು. ಕೇಸ್ ಶೀಟಿನಲ್ಲಿ ನಾನು ‘ಚರ್ಮ: ಸಹಜ’ ಎಂದು ಬರೆದಿದ್ದೆ.

ಮೂರನೆಯ ದಿನದ ರೌಂಡ್ಸಿನಲ್ಲಿ ನಮ್ಮ ಯೂನಿಟ್ಟಿನ ಮೇಡಂ ಆ ಸಾಲಿನ ಮೇಲೆ ಬೆರಳಿಟ್ಟು, “ಎಲ್ಲೆಲ್ಲಿ ನೋಡಿದಿರಿ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ಪರದೆ ಎಳೆಸಿ, “ಅಮ್ಮಾ, ರವಿಕೆ ಸ್ವಲ್ಪ ಸಡಿಲ ಮಾಡ್ಕೊಳ್ತೀರಾ?” ಎಂದು ಮೆಲ್ಲಗೆ ಕೇಳಿ, ಎಡ ಸ್ತನದ ಕೆಳಗಿನ ಮಡಿಕೆಯನ್ನು ತೋರಿಸಿದರು. ಕಡಲೆಕಾಳಿನಷ್ಟು ಅಗಲದ, ಬೀಡಿಯಿಂದ ಸುಟ್ಟಂತಹ ಕಪ್ಪು ಹಕ್ಕಳೆ, ಸುತ್ತ ತೆಳುವಾದ ಕೆಂಪು ಅಂಚು. ನೋವಿಲ್ಲ, ತುರಿಕೆಯಿಲ್ಲ, ಅದು ಅಲ್ಲಿರುವುದು ಆಕೆಗೇ ಗೊತ್ತಿರಲಿಲ್ಲ.

ಅದು ಸ್ಕ್ರಬ್ ಟೈಫಸ್ ಎಂಬ ಸೋಂಕುಜ್ವರದ ಎಸ್ಕಾರ್, ಅಂದರೆ ನುಸಿ ಕಚ್ಚಿದ ಜಾಗದ ಕಪ್ಪು ಹಕ್ಕಳೆ. ಪೊದೆ, ಹುಲ್ಲುಗಳಲ್ಲಿರುವ ಚಿಗರ್ ಎಂಬ ಅತಿ ಸಣ್ಣ ಮರಿನುಸಿ ಕಚ್ಚಿದಾಗ ಓರಿಯೆನ್ಶಿಯಾ ಸುಟ್ಸುಗಮುಷಿ ಎಂಬ ಬ್ಯಾಕ್ಟೀರಿಯಾ ದೇಹ ಸೇರುತ್ತದೆ. ಕಂಕುಳು, ತೊಡೆಸಂದು, ಸ್ತನದ ಕೆಳಭಾಗ, ಉಡುಪು ಬಿಗಿಯುವ ಸೊಂಟದಂತಹ ಜಾಗಗಳಲ್ಲಿ ಆ ಗುರುತು ಅಡಗಿರುತ್ತದೆ. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ 100 ಮಿಲಿಗ್ರಾಂ ದಿನಕ್ಕೆರಡು ಬಾರಿ ಆರಂಭಿಸಿದೆವು. 48 ಗಂಟೆಗಳೊಳಗೆ ಜ್ವರ ಬಿಟ್ಟಿತು. ನನ್ನ ಸಾಲನ್ನು ತಿದ್ದಲು ಹೋದಾಗ ಮೇಡಂ, “ಒಂದೇ ಗೆರೆ ಎಳೆಯಿರಿ, ಕೆಳಗಿನದು ಓದುವಂತಿರಲಿ. ತಾರೀಖು ಹಾಕಿ ಸಹಿ ಮಾಡಿ,” ಎಂದರು.

ನನ್ನ ಪ್ರಬಂಧದ ವಿಷಯ ಹುಟ್ಟಿದ್ದು ಆ ಹಾಸಿಗೆಯ ಪಕ್ಕದಲ್ಲಿಯೇ. ಮಾಹಿತಿ ತುಂಬುವ ನಮೂನೆಯಲ್ಲಿ ನಾನು ‘ಎಸ್ಕಾರ್: ಇದೆ / ಇಲ್ಲ’ ಎಂದು ಎರಡೇ ಆಯ್ಕೆ ಇಟ್ಟಿದ್ದೆ, ಮೇಡಂ ಪೆನ್ನಿನಿಂದ ‘ನೋಡಿಲ್ಲ’ ಎಂಬ ಮೂರನೆಯದನ್ನು ಸೇರಿಸಿದರು. ಎಸ್ಕಾರ್ ಎಲ್ಲ ರೋಗಿಗಳಲ್ಲೂ ಕಾಣುವುದಿಲ್ಲ. ಹುಡುಕದೆ ‘ಇಲ್ಲ’ ಎಂದು ಬರೆದ ಪ್ರತಿ ನಮೂದೂ ಕೊನೆಯ ಲೆಕ್ಕವನ್ನು ಕೆಡಿಸುತ್ತದೆ, ಯಾವ ಸಂಖ್ಯಾಶಾಸ್ತ್ರವೂ ಅದನ್ನು ಸರಿಪಡಿಸಲಾರದು. ನನ್ನ ಮೂರು ವರ್ಷಗಳ ಓದಿನಲ್ಲಿ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿರಲಿಲ್ಲ.

ತೀವ್ರ ಸ್ಕ್ರಬ್ ಟೈಫಸ್ಸಿಗೆ ಡಾಕ್ಸಿಸೈಕ್ಲಿನ್ ಮತ್ತು ಅಜಿತ್ರೋಮೈಸಿನ್ ಎರಡನ್ನೂ ರಕ್ತನಾಳದ ಮೂಲಕ ಒಟ್ಟಿಗೆ ಕೊಡುವುದು ಒಂದೇ ಔಷಧಿಗಿಂತ ಮೇಲೆಂದು, ಭಾರತದ ಹಲವು ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ 2023ರಲ್ಲಿ ಪ್ರಕಟವಾದಾಗ ಅದನ್ನು ಎರಡು ಬಾರಿ ಓದಿದೆ. ಈಗ ನನ್ನ ವಾರ್ಡಿನ ಜ್ವರದ ನಮೂನೆಯಲ್ಲೂ ಆ ಮೂರನೆಯ ಆಯ್ಕೆ ಅಚ್ಚಾಗಿದೆ. ಅದಕ್ಕೆ ಗುರುತು ಬಿದ್ದಿದ್ದರೆ, ರೌಂಡ್ಸಿನಲ್ಲಿ ಮೊದಲು ಪರದೆ ಎಳೆಸುತ್ತೇನೆ.