ತಡಿಯಂಡಮೋಳ್ ಹತ್ತುವವರೇ, ಶೂ ಆಯ್ತು, ಸಾಕ್ಸ್ ಎಷ್ಟುದ್ದದ್ದು ತಗೊಂಡಿದ್ದೀರಿ?

ತಡಿಯಂಡಮೋಳ್‌ಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲು ಒಂದು ಫೆಬ್ರವರಿಯಲ್ಲಿ, ಆಮೇಲೆ ಒಂದು ಅಕ್ಟೋಬರ್ ಕೊನೆಯಲ್ಲಿ. ಅದೇ ದಾರಿ, ಅದೇ ಹಗುರ ಶೂ. ಆದರೆ ಎರಡನೇ ಸಲ ಇಳಿದು ಬಂದಾಗ ನಮ್ಮ ಐದು ಜನರಲ್ಲಿ ಇಬ್ಬರ ಸಾಕ್ಸ್ ಇಂಬಳ (ಜಿಗಣೆ) ಕಚ್ಚಿ ರಕ್ತದಲ್ಲಿ ತೊಯ್ದಿತ್ತು, ನನ್ನ ತಮ್ಮನ ಹಿಮ್ಮಡಿ ಮೇಲೆ ರೂಪಾಯಿ ಅಗಲದ ಬೊಬ್ಬೆ ಎದ್ದಿತ್ತು. ಎರಡಕ್ಕೂ ಕಾರಣ ಒಂದೇ, ಸಾಕ್ಸ್ ಗಿಡ್ಡ ಇತ್ತು. ಶೂಗೆ ಸಾವಿರಗಟ್ಟಲೆ ಕೊಡುವವರು ಸಾಕ್ಸ್ ಮಾತ್ರ ಮನೆಯಲ್ಲಿ ಇದ್ದದ್ದನ್ನೇ ಹಾಕಿಕೊಂಡು ಹೊರಡುತ್ತಾರೆ ಅಲ್ವಾ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ದಾರಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. 1748 ಮೀಟರ್ ಎತ್ತರದ ತಡಿಯಂಡಮೋಳ್ ಕೊಡಗಿನಲ್ಲೇ ಎತ್ತರದ ಬೆಟ್ಟ. ಮಡಿಕೇರಿಯಿಂದ ನಾಪೋಕ್ಲು ಮೇಲೆ ಕಕ್ಕಬ್ಬೆಗೆ ಬರಬೇಕು, ವಿರಾಜಪೇಟೆ ಕಡೆಯಿಂದಲೂ ಬರಬಹುದು. ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ ಹತ್ತಿರದಿಂದ ನಡಿಗೆ ಶುರು. ಮೊದಲು ಕಾಫಿ ತೋಟದ ಪಕ್ಕದ ರಸ್ತೆ, ಆಮೇಲೆ ಹುಲ್ಲುಗಾವಲು, ಒಂದು ದೊಡ್ಡ ಬಂಡೆ, ಅದು ದಾಟಿದ ಮೇಲೆ ಶೋಲಾ, ಅಂದರೆ ಬೆಟ್ಟದ ಮಡಿಕೆಯಲ್ಲಿ ಬೆಳೆಯುವ ದಟ್ಟ ಕಾಡಿನೊಳಗೆ ಕಡಿದಾದ ಏರು, ಕೊನೆಗೆ ಬಯಲು ತುದಿ. ಹೊರಡುವ ಮೊದಲು ಅರಣ್ಯ ಇಲಾಖೆಯ ಅನುಮತಿ ವಿಚಾರಿಸಿಕೊಳ್ಳಿ, ಮಳೆ ಜೋರಿದ್ದಾಗ ಮತ್ತು ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳುವ ಕಾಲದಲ್ಲಿ ದಾರಿ ಮುಚ್ಚುವುದು ಉಂಟು.

ಅವತ್ತು ಬೆಳಿಗ್ಗೆ ಹೋಮ್‌ಸ್ಟೇ ಅಂಕಲ್ ಅಕ್ಕಿ ಒಟ್ಟಿ ಬಡಿಸುತ್ತಾ ನಮ್ಮ ಕಾಲು ನೋಡಿದರು. "ಈ ಸಾಕ್ಸ್ ಸಾಲಲ್ಲ ಮಕ್ಕಳೇ, ಮೇಲೆ ಇಂಬಳ ಇನ್ನೂ ಇದೆ" ಅಂದರು. ಮಳೆ ನಿಂತು ನಾಲ್ಕು ದಿನ ಆಗಿತ್ತು, ಬಿಸಿಲು ಚೆನ್ನಾಗಿತ್ತು, ಹಾಗಾಗಿ ನಾವು ಅಷ್ಟು ಕಿವಿಗೆ ಹಾಕಿಕೊಳ್ಳಲಿಲ್ಲ. ಹುಲ್ಲುಗಾವಲಿನಲ್ಲಿ ನಿಜಕ್ಕೂ ಏನೂ ಆಗಲಿಲ್ಲ. ಶೋಲಾ ಒಳಗೆ ಕಾಲಿಟ್ಟ ಮೇಲೆ ಗೊತ್ತಾಯಿತು. ಅಲ್ಲಿ ಬಿಸಿಲು ನೆಲ ಮುಟ್ಟುವುದಿಲ್ಲ, ಎಲೆ ಕೊಳೆತು ಒದ್ದೆಯಾಗೇ ಇರುತ್ತದೆ. ಉಸಿರು ತಗೊಳ್ಳಲು ಒಂದು ಬೇರಿನ ಮೇಲೆ ಕೂತಾಗ ತಮ್ಮನ ಶೂ ನೋಡಿದೆ. ದಾರದಷ್ಟು ಸಣ್ಣ ಇಂಬಳ ಒಂದು ಶೂ ಅಂಚು ಹತ್ತಿ, ತಲೆ ಎತ್ತಿ ಆ ಕಡೆ ಈ ಕಡೆ ಆಡಿಸುತ್ತಿತ್ತು. ಶೂ ಮುಗಿದು ಚರ್ಮ ಶುರುವಾಗುವ ಗೆರೆ ಸಿಕ್ಕಿದ್ದೇ ತಡ, ಅಲ್ಲೇ ಅಂಟಿಕೊಂಡಿತು.

ಸಾಕ್ಸ್ ಉದ್ದ ಯಾಕೆ ಮುಖ್ಯ ಅಂತ ನನಗೆ ಅರ್ಥವಾಗಿದ್ದು ಆಗ. ಇಂಬಳ ಕೆಳಗಿಂದ ಮೇಲೆ ಹತ್ತುತ್ತದೆ, ಚರ್ಮ ಎಲ್ಲಿ ಸಿಗುತ್ತದೋ ಅಲ್ಲಿ ಕಚ್ಚುತ್ತದೆ. ಹರಡಿನ (ಪಾದದ ಗಂಟಿನ) ಹತ್ತಿರ ಮುಗಿಯುವ ಸಾಕ್ಸ್ ಹಾಕಿದರೆ ಅದಕ್ಕೆ ಹತ್ತು ಸೆಕೆಂಡಿನ ಕೆಲಸ. ಮೊಣಕಾಲಿನವರೆಗೆ ಬಟ್ಟೆ ಇದ್ದರೆ ಅದು ಹತ್ತುತ್ತಾ ಇರುವಾಗಲೇ ನಿಮಗೆ ಕಾಣಿಸುತ್ತದೆ, ಕಿತ್ತು ಬಿಸಾಡಬಹುದು. ಕಚ್ಚಿದರೆ ಗಾಬರಿ ಬೇಡ. ಎಳೆಯಬೇಡಿ, ಸುಡಬೇಡಿ, ಬಾಯಿ ಇರುವ ಸಣ್ಣ ತುದಿಯ ಕೆಳಗೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಅದರ ಎಂಜಲಿನಲ್ಲಿ ಇರುವುದರಿಂದ ಗಂಟೆಗಟ್ಟಲೆ ಒಸರಬಹುದು, ತೊಳೆದು ಒತ್ತಿ ಹಿಡಿದು ಬಟ್ಟೆ ಕಟ್ಟಿ.

ಬೊಬ್ಬೆಯ ಕಥೆ ಬೇರೆ. ಹಗುರ ಶೂಗಳ ಕುತ್ತಿಗೆ ಗಿಡ್ಡ, ಹರಡಿನ ಕೆಳಗೇ ನಿಲ್ಲುತ್ತದೆ. ಅದರ ಅಂಚಿಗಿಂತ ಸಾಕ್ಸ್ ಎರಡು ಬೆರಳಾದರೂ ಮೇಲೆ ಇರಬೇಕು. ತಮ್ಮ ಹಾಕಿದ್ದು ಶೂ ಒಳಗೇ ಅಡಗುವಂಥದ್ದು. ಹತ್ತುವಾಗ ಹಿಮ್ಮಡಿ ಏಳುತ್ತಾ ಇಳಿಯುತ್ತಾ ಇರುತ್ತದಲ್ಲ, ಪ್ರತಿ ಹೆಜ್ಜೆಗೂ ಸಾಕ್ಸ್ ಒಂದೊಂದು ಎಳೆಯಷ್ಟು ಕೆಳಗೆ ಜಾರಿ, ಬಂಡೆ ಹತ್ತಿರ ಬರುವಷ್ಟರಲ್ಲಿ ಪಾದದ ಕೆಳಗೆ ಸುರುಳಿಯಾಗಿ ಕೂತಿತ್ತು. ಬೆವರಿಗೆ ಮೆತ್ತಗಾದ ಬರೀ ಚರ್ಮ, ಅದರ ಮೇಲೆ ಶೂ ಅಂಚಿನ ಉಜ್ಜಾಟ. ಅವನು ನಿಲ್ಲುವುದಕ್ಕೆ ಸಂಕೋಚಪಟ್ಟು ಹಾಗೇ ನಡೆದ, ಅದೇ ತಪ್ಪಾಯಿತು. ಹಿಮ್ಮಡಿ ಬಿಸಿ ಅನ್ನಿಸಿದ ತಕ್ಷಣ ನಿಂತು ಅಲ್ಲಿಗೆ ಟೇಪ್ ಹಚ್ಚಬೇಕು, ಗುಂಪು ಕಾಯಲಿ.

ಹಾಗಾದರೆ ಎಷ್ಟುದ್ದ? ನನ್ನ ಪ್ರಕಾರ ಕೊಡಗಿಗೆ ಮೀನಖಂಡದ ಅರ್ಧಕ್ಕೆ ಬರುವ ಕ್ರೂ ಸಾಕ್ಸ್‌ಗಿಂತ ಗಿಡ್ಡದ್ದು ಯಾವ ಕಾಲಕ್ಕೂ ಬೇಡ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅದು ಒಂದೇ ಸಾಕು. ಒಣ ಹುಲ್ಲಿನ ಮುಳ್ಳು, ಬೀಜ, ಸಣ್ಣ ಕಲ್ಲು, ಇವನ್ನೆಲ್ಲ ಅದು ತಡೆಯುತ್ತದೆ. ಹರಡಿಗೆ ಬಂದು ನಿಲ್ಲುವ ಸಾಕ್ಸ್ ರಾಜಾಸೀಟಿನಲ್ಲಿ ಸುತ್ತಾಡಲು, ಅಬ್ಬಿ ಜಲಪಾತ ನೋಡಿ ಬರಲು ಸರಿ, ಬೆಟ್ಟಕ್ಕಲ್ಲ.

ಜೂನ್‌ನಿಂದ ನವೆಂಬರ್‌ವರೆಗಾದರೆ ಕ್ರೂ ಸಾಕ್ಸ್ ಮೇಲೆ ಲೀಚ್ ಸಾಕ್ಸ್ ಬೇಕೇ ಬೇಕು. ಇದು ಹೆಣೆದದ್ದಲ್ಲ, ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಹೊಲಿದ ಚೀಲದಂಥದ್ದು, ಮೊಣಕಾಲಿನ ಕೆಳಗೆ ದಾರ ಎಳೆದು ಕಟ್ಟುತ್ತಾರೆ. ಪ್ಯಾಂಟಿನ ತುದಿ ಅದರೊಳಗೆ ಹೋಗಬೇಕು, ಹೊರಗೆ ಬಿಟ್ಟರೆ ಇಂಬಳಕ್ಕೆ ಒಳಗಿಂದ ದಾರಿ ಸಿಗುತ್ತದೆ. ಬಿಳಿ ಅಥವಾ ತಿಳಿ ಬಣ್ಣದ್ದೇ ತಗೊಳ್ಳಿ, ಹತ್ತಿದ್ದು ಎದ್ದು ಕಾಣುತ್ತದೆ. ಕೆಲವರು ಫುಟ್‌ಬಾಲ್ ಸಾಕ್ಸ್ ಹಾಕಿ ಬರುತ್ತಾರೆ, ಉದ್ದ ಏನೋ ಇದೆ, ಆದರೆ ಎಳೆದಾಗ ಹೆಣಿಗೆ ಬಿಟ್ಟುಕೊಂಡು ಸಣ್ಣ ಇಂಬಳ ಅದರ ತೂತಿನಿಂದಲೇ ಕಚ್ಚುತ್ತದೆ. ನಮ್ಮಲ್ಲಿ ರಕ್ತ ಸುರಿಸಿಕೊಂಡ ಇನ್ನೊಬ್ಬ ಗೆಳೆಯ ಹಾಕಿದ್ದು ಅದೇ, ಅದಕ್ಕಾಗಿ ಅವನದ್ದನ್ನೂ ಗಿಡ್ಡ ಸಾಕ್ಸ್ ಲೆಕ್ಕಕ್ಕೇ ಸೇರಿಸಿದ್ದೇನೆ.

ಇಲ್ಲಿ ಇನ್ನೊಂದು ವಿಷಯ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಲೀಚ್ ಸಾಕ್ಸ್ ಪಾದದ ಭಾಗ ಶೂ ಒಳಗೇ ಕೂರುತ್ತದೆ. ಹಗುರ ಶೂ ಮೊದಲೇ ಬಿಗಿ, ಅದರಲ್ಲಿ ದಪ್ಪ ಸಾಕ್ಸ್ ಮೇಲೆ ಇದೂ ಸೇರಿದರೆ ಇಳಿಯುವಾಗ ಬೆರಳ ತುದಿ ಹೊಡೆದು ಉಗುರು ಕಪ್ಪಾಗುತ್ತದೆ. ಒಳಗಿನ ಕ್ರೂ ಸಾಕ್ಸ್ ತೆಳ್ಳಗಿರಲಿ. ಶೂ ಅಂಗಡಿಗೆ ಎರಡನ್ನೂ ಹಾಕಿಕೊಂಡೇ ಹೋಗಿ ನೋಡಿ, ಅದೂ ಸಂಜೆ ಹೊತ್ತು, ದಿನವಿಡೀ ನಡೆದ ಕಾಲು ಸ್ವಲ್ಪ ಊದಿರುತ್ತದೆ. ಪೂರ್ತಿ ಹತ್ತಿಯದ್ದು ಬೇಡ, ನೀರು ಕುಡಿದು ಭಾರವಾಗುತ್ತದೆ, ಬೇಗ ಒಣಗಲ್ಲ. ಮೆರಿನೋ ಉಣ್ಣೆ ಅಥವಾ ನೈಲಾನ್ ಮಿಶ್ರಣದ್ದು ಒಳ್ಳೆಯದು. ಮೇಲಿನ ಇಲಾಸ್ಟಿಕ್ ಮೀನಖಂಡದಲ್ಲಿ ಆಳವಾದ ಗೆರೆ ಬೀಳಿಸುವಷ್ಟು ಬಿಗಿ ಇದ್ದರೆ ಅದನ್ನೂ ಬಿಡಿ.

ಊರಿನವರು ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿಕೊಂಡು ಹೋಗುತ್ತಾರೆ, ಹತ್ತಿದ ಇಂಬಳಕ್ಕೆ ಮುಟ್ಟಿಸಿದರೆ ಉದುರುತ್ತದೆ. ನಾವೂ ವಾಪಸ್ ಬರುವಾಗ ಒಬ್ಬರ ಹತ್ತಿರ ಕೇಳಿ ತಗೊಂಡೆವು, ಬಹಳ ಉಪಯೋಗವಾಯಿತು. ಸಾಕ್ಸ್ ಮೇಲೆ ಉಪ್ಪು ಸವರಿಕೊಂಡರೆ ಮಾತ್ರ ಮೊದಲ ಮಳೆಗೇ ತೊಳೆದು ಹೋಗುತ್ತದೆ, ಸುಮ್ನೆ ಉರಿ.

ಎಷ್ಟು ಜೊತೆ ಅಂದರೆ, ಎರಡು ದಿನಕ್ಕೆ ಮೂರು. ಒಂದು ಕಾಲಲ್ಲಿ, ಒಂದು ಬ್ಯಾಗಿನಲ್ಲಿ ಪ್ಲಾಸ್ಟಿಕ್ ಕವರ್ ಸುತ್ತಿ, ತುದಿಯಲ್ಲಿ ಕೂತು ಬದಲಾಯಿಸಲು. ಮೂರನೆಯದು ರೂಮಿನಲ್ಲಿ ಇರಲಿ, ಯಾಕೆಂದರೆ ಕಕ್ಕಬ್ಬೆಯ ಆ ತೇವದಲ್ಲಿ ರಾತ್ರಿ ತೊಳೆದು ಹಾಕಿದ್ದು ಬೆಳಿಗ್ಗೆಗೆ ಹಾಗೇ ಒದ್ದೆ ಇರುತ್ತದೆ. ಒಲೆ ಹತ್ತಿರ ನೇತುಹಾಕಲು ಹೋಮ್‌ಸ್ಟೇ ಆಂಟಿ ಜಾಗ ಕೊಟ್ಟರೂ ಸ್ವಲ್ಪ ದೂರವೇ ಹಾಕಿ, ಬಿಸಿ ಜಾಸ್ತಿ ಆದರೆ ಇಲಾಸ್ಟಿಕ್ ಸಡಿಲವಾಗಿ ಮಾರನೇ ದಿನ ಅದೂ ಜಾರುತ್ತದೆ.