ಮಾವನ ಕಂಕರ್ ಮಷಿನ್‌ಗೆ ನಾನು ದುಡ್ಡು ಹಾಕಬೇಕಾ?

ಹೋದ ಭಾನುವಾರ ಕಲಬುರಗಿ ಜಿಲ್ಲೆಯ ಕಮಲಾಪುರದ ಹತ್ತಿರ ಮಾವನ ಕಲ್ಲು ಒಡೆದು ಜಲ್ಲಿ ಮಾಡೋ ಕ್ರಷರ್‌ಗೆ ಹೋಗಿದ್ದೆ. ನಮ್ಮ ಕಡೆ ಅದಕ್ಕೆ ಕಂಕರ್ ಮಷಿನ್ ಅಂತಾರೆ. ಚಹಾ ಬರೋ ಮೊದಲೇ ಮಾವ ಜೇಬಿನಿಂದ ಕೋನ್ ಅನ್ನೋ ಕಲ್ಲು ಒಡೆಯೋ ಇನ್ನೊಂದು ಮಷಿನ್ನಿನ ಕೊಟೇಶನ್ ತೆಗೆದು ಮುಂದಿಟ್ಟರು. "ಅಳಿಯಾ, ಒಂದು ಕೋನ್ ಹಾಕಿದ್ರ ಮಾಲ್ ಡಬಲ್ ಆಗ್ತದ. ಎಕ್ಸ್‌ಪ್ರೆಸ್‌ವೇ ಕೆಲಸ ಅದ. ನೀನೂ ಪಾರ್ಟ್‌ನರ್ ಆಗು."

ಸೂರತ್–ಚೆನ್ನೈ ಎಕ್ಸ್‌ಪ್ರೆಸ್‌ವೇ ನಮ್ಮ ಜಿಲ್ಲೆ ಮುಟ್ಟುತ್ತೆ, ನಿಜ. ಆದರೆ ಅದು ಬರೋದು ಅಫಜಲಪುರದ ಕಡೆ. ಕಮಲಾಪುರದಿಂದ ಅಲ್ಲಿಗೆ ಸುಮಾರು ನೂರು ಕಿಲೋಮೀಟರ್. ಒಂದು ಬ್ರಾಸ್ ಜಲ್ಲಿ ಅಂದರೆ 100 ಘನ ಅಡಿ, ತೂಕ ನಾಲ್ಕು ಟನ್ನಿಗಿಂತ ಮೇಲೆ, ಅದನ್ನ ಟಿಪ್ಪರ್‌ನಲ್ಲಿ ಅಷ್ಟು ದೂರ ಹೊತ್ತುಕೊಂಡು ಹೋದರೆ ಬಾಡಿಗೆಯೇ ಮಾಲಿನ ರೇಟನ್ನ ನುಂಗಿಬಿಡುತ್ತೆ. ಅದೂ ಅಲ್ಲದೆ ಅಂಥ ದೊಡ್ಡ ರಸ್ತೆ ಹಿಡಿದವರು ಸಾಮಾನ್ಯವಾಗಿ ಕೆಲಸದ ಜಾಗದ ಹತ್ತಿರವೇ ತಮ್ಮದೇ ಕ್ರಷರ್ ಹಾಕಿಕೊಳ್ಳುತ್ತಾರೆ. ಮಾವನಂಥವರ ಮಾರ್ಕೆಟ್ಟು ಸುತ್ತಲಿನ ಮೂವತ್ತು-ನಲವತ್ತು ಕಿಲೋಮೀಟರ್, ಅಷ್ಟೇ.

ಕಲ್ಲಿಗೇನೂ ಕೊರತೆ ಇಲ್ಲ. ಕಮಲಾಪುರದ ಕಡೆಯೆಲ್ಲ ಕರಿಕಲ್ಲು, ಗಟ್ಟಿ ಮಾಲು. ತೊಂದರೆ ಇರೋದು ಒಡೆಯೋದರಲ್ಲಿ. ರಾಶಿಯಿಂದ ಒಂದು ಹಿಡಿ 20 ಎಂಎಂ ಜಲ್ಲಿ ಎತ್ತಿ ನೋಡಿದೆ: ಅರ್ಧದಷ್ಟು ಶಹಾಬಾದ್ ಫರಸಿಯ ಚೂರಿನ ಹಾಗೆ ಚಪ್ಪಟೆ! ಇಂಥದ್ದು ಕಾಂಕ್ರೀಟಲ್ಲಿ ಸಿಮೆಂಟು ಜಾಸ್ತಿ ಕುಡಿಯುತ್ತೆ, ಹಾಗಾಗಿ ರೆಡಿಮಿಕ್ಸ್ ಪ್ಲಾಂಟಿನವರು ನೋಡಿದ ಕೂಡಲೇ ವಾಪಸ್ ಕಳಿಸುತ್ತಾರೆ. ಮಾವನ ಮಾಲು ಒಮ್ಮೆ ಹಾಗೆ ವಾಪಸ್ ಬಂದಿದೆ, ಮಾವ ಮಾತ್ರ ಡ್ರೈವರ್ ದಾರಿ ತಪ್ಪಿದ ಅಂತಲೇ ಹೇಳೋದು.

ಜಲ್ಲಿ ರಾಶಿಯ ಹಿಂದೆ ಡಸ್ಟಿನ ಗುಡ್ಡ, ಅಂದರೆ ಕಲ್ಲು ಒಡೆಯುವಾಗ ಬೀಳೋ ಪುಡಿ. ಇಟ್ಟಿಗೆ, ಪೇವರ್ ಮಾಡುವವರು ತಾವು ಕೇಳಿದ ರೇಟಿಗೆ ಒಯ್ಯುತ್ತಾರೆ. ಭೀಮಾ ನದಿ ಮರಳು ಸಿಗೋದು ಕಷ್ಟವಾಗಿರೋ ಈ ಕಾಲದಲ್ಲಿ ನನಗೆ ಕಣ್ಣಿಗೆ ಬಿದ್ದಿದ್ದು ಅದೇ. ಕಾಂಕ್ರೀಟಿನ ಜಲ್ಲಿ-ಮರಳಿನ ಮಾನದಂಡ ಐಎಸ್ 383 ಪ್ರಕಾರ ನದಿ ಮರಳಲ್ಲಿ 75 ಮೈಕ್ರಾನ್‌ಗಿಂತ ಸಣ್ಣ ಪುಡಿ ನೂರಕ್ಕೆ 3 ದಾಟಬಾರದು, ಕಲ್ಲು ಒಡೆದು ಮಾಡಿದ ಮರಳಿಗೆ, ಅಂದರೆ ಎಂ-ಸ್ಯಾಂಡಿಗೆ, 15ರವರೆಗೂ ನಡೆಯುತ್ತೆ. ಡಸ್ಟನ್ನ ಹಾಗೇ ಎಂ-ಸ್ಯಾಂಡ್ ಅಂತ ಮಾರೋಕಾಗಲ್ಲ, ಬಿಡಿ. ಕಾಳಿನ ಆಕಾರ ಸರಿ ಮಾಡೋ ವಿಎಸ್‌ಐ ಮಷಿನ್ ಬೇಕು, ಪುಡಿ ತೆಗೆಯೋಕೆ ತೊಳೆಯಬೇಕು, ಇಲ್ಲ ಗಾಳಿ ಹಾಕಿ ಹಾರಿಸಬೇಕು. ಬೇಸಿಗೆಯಲ್ಲಿ ಮಾವನ ಬೋರ್‌ವೆಲ್ ಬತ್ತುತ್ತೆ. ಹಾಗಾಗಿ ಗಾಳಿಯೇ ಗತಿ. ಅದೇ ವಿಎಸ್‌ಐ ಮಷಿನ್‌ನಲ್ಲಿ ಜಲ್ಲಿಯ ಚಪ್ಪಟೆತನವೂ ಕಡಿಮೆಯಾಗುತ್ತೆ ನೋಡಿ.

ಆಮೇಲೆ ಖಾತೆ ಪುಸ್ತಕ ಬಿಚ್ಚಿಸಿದೆ. ವರ್ಷದಲ್ಲಿ ಕೊಟ್ಟ ಮಾಲಿನ ದುಡ್ಡಲ್ಲಿ ಮೂರರಲ್ಲಿ ಒಂದು ಭಾಗ ಇನ್ನೂ ಹೊರಗಿದೆ. ರಸ್ತೆ ಗುತ್ತಿಗೆ ಹಿಡಿದ ಒಬ್ಬರದಂತೂ ಎರಡು ಪುಟ! "ಮಾರ್ಚ್ ಬಿಲ್ಲಾದ ಮೇಲೆ ಕೊಡ್ತೀನಿ ಅಂದಾರ" ಅಂದರು ಮಾವ. ಯಾವ ಮಾರ್ಚ್ ಅಂತ ಕೇಳಿದೆ, ನಕ್ಕರು. ಡೀಸೆಲ್, ಕರೆಂಟ್, ರಾಯಲ್ಟಿ, ಬ್ಲಾಸ್ಟಿಂಗ್, ಕೂಲಿ ಯಾವುದೂ ಮಾರ್ಚ್ ತನಕ ಕಾಯಲ್ಲ, ಅಲ್ವಾ? ಮಾಲು ಡಬಲ್ ಮಾಡಿದರೆ ಮೊದಲು ಡಬಲ್ ಆಗೋದು ಈ ಪುಟಗಳೇ.

ಅದಕ್ಕೇ ಹೇಳಿದೆ: ಕೋನ್‌ಗೆ ನನ್ನ ದುಡ್ಡಿಲ್ಲ. ಮರಳಿನ ಮಷಿನ್ ಹಾಕಿ, ಮನೆ ಕಟ್ಟುವವರಿಗೆ ನಗದಿಗೆ ಕೊಡೋದಾದರೆ ಕೂತು ಮಾತಾಡೋಣ, ಮೊದಲು ಆ ಎರಡು ಪುಟ ವಸೂಲಾಗಲಿ. ಮಾವ ಸುಮ್ನೆ ಕೇಳಿಸಿಕೊಂಡರು. ಹೊರಡುವಾಗ ಒಂದು ಗೊನೆ ಕೆಂಪು ಬಾಳೆ ಗಾಡಿಗೆ ಹಾಕಿಸಿದರು. ಕೊಟೇಶನ್ ಮಾತ್ರ ಮತ್ತೆ ಮಡಿಚಿ ಜೇಬಿಗೇ ಇಟ್ಟುಕೊಂಡರು.